ಮೇಷ್ಟ್ರನ್ನು ಬಿಟ್ಟರೆ ಹೋಲ್ಸ್ಟ್ ಅರ್ಧವೇ

ಸಂಪಾದಕರಿಗೆ,

ಮಾನ್ಯರೇ,

ಇಂಗ್ಲೆಂಡಿನ ಸಂಗೀತ ರಚನೆಕಾರ ಗುಸ್ತಾವ್ ಹೋಲ್ಸ್ಟ್ ಅವರ ಹೆಸರು ಕನ್ನಡ ಬರಹಗಳಲ್ಲಿ ಕಾಣಿಸುವುದು ಅಪರೂಪ. ಕಾಣಿಸಿದಾಗ ಎರಡೇ ಮಾತು ಇರುತ್ತದೆ: ಗ್ರಹಗಳ ಹೆಸರಿನ ವಾದ್ಯವೃಂದ ಕೃತಿ ‘ದಿ ಪ್ಲಾನೆಟ್ಸ್’ ಬರೆದವರು, ಋಗ್ವೇದಕ್ಕೆ ಸಂಗೀತ ಕೂಡಿಸಿದವರು. ಎರಡೂ ನಿಜವೇ. ಆದರೆ ಅವರು ಸುಮಾರು 30 ವರ್ಷ ಮಕ್ಕಳಿಗೆ, ದಿನವಿಡೀ ದುಡಿದು ಸಂಜೆ ಬಂದು ಕೂರುವವರಿಗೆ ಸಂಗೀತ ಕಲಿಸಿದ್ದನ್ನು ‘ಹೊಟ್ಟೆಪಾಡಿಗೆ ಶಾಲೆಯಲ್ಲಿ ಕೆಲಸ ಮಾಡಿಕೊಂಡಿದ್ದರು’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅಲ್ಲಿಯೇ ತಪ್ಪಾಗುತ್ತಿದೆ. ಹೋಲ್ಸ್ಟ್ ಅವರ ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡು ಹಾಡಿಸಲು, ನುಡಿಸಲು ಹೊರಟವರಿಗೆ ಪುಟಪುಟದಲ್ಲೂ ಎದುರಾಗುವುದು ಪಾಠದ ಕೋಣೆ. ಯಾರಿಗೆ ಏನು ಸಾಧ್ಯ, ಒಬ್ಬರು ಬಾರದಿದ್ದರೆ ಏನು ಗತಿ, ಕೇಳಿಸದ ಜಾಗದಲ್ಲಿ ನಿಂತವರು ಶ್ರುತಿ ಹಿಡಿಯುವುದು ಹೇಗೆ ಎಂಬುದನ್ನೆಲ್ಲ ಯೋಚಿಸಿಯೇ ಬರೆದ ಸಂಗೀತ ಅದು.

ಮೊದಲು ಬದುಕಿನ ವಿವರ, ಚುಟುಕಾಗಿ. ಹುಟ್ಟಿದ್ದು 1874ರ ಸೆಪ್ಟೆಂಬರ್ 21ರಂದು, ಗ್ಲಾಸ್ಟರ್‌ಶೈರಿನ ಚೆಲ್ಟನಮ್ ಊರಿನಲ್ಲಿ. ತಂದೆ ಅಡಾಲ್ಫ್ ಪಿಯಾನೊ ವಾದಕರು, ಚರ್ಚಿನ ಆರ್ಗನ್ ನುಡಿಸುತ್ತಿದ್ದವರು, ಸಂಗೀತ ಶಿಕ್ಷಕರು. ಮುತ್ತಜ್ಜ ರೀಗಾ ಮೂಲದವರು. ಅಂದರೆ ಮನೆಯಲ್ಲಿ ಸಂಗೀತದ ಪಾಠ ತಲೆಮಾರುಗಳಿಂದ ನಡೆದುಬಂದಿತ್ತು. ತಾಯಿ ಕ್ಲಾರಾ 1882ರಲ್ಲೇ ತೀರಿಕೊಂಡರು. ಹುಡುಗನಿಗೆ ಉಬ್ಬಸ, ಮಂದ ದೃಷ್ಟಿ, ಜೊತೆಗೆ ಬಲಗೈಯಲ್ಲಿ ನರದ ಉರಿನೋವು. ಪಿಯಾನೊ ವಾದಕನನ್ನಾಗಿ ಮಾಡಬೇಕೆಂಬ ತಂದೆಯ ಆಸೆ ಈ ಕೈಯಿಂದಾಗಿಯೇ ಮುರಿಯಿತು. ಉಬ್ಬಸಕ್ಕೆ ಒಳ್ಳೆಯದಾದೀತೆಂದು ಊದಲು ಕೊಟ್ಟ ಟ್ರೊಂಬೋನ್ ಎಂಬ ಹಿತ್ತಾಳೆ ವಾದ್ಯ ಮುಂದೆ ಅನ್ನದ ದಾರಿಯಾಯಿತು. 1893ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿ ಚಾರ್ಲ್ಸ್ ವಿಲಿಯರ್ಸ್ ಸ್ಟ್ಯಾನ್‌ಫರ್ಡ್ ಅವರ ಬಳಿ ರಚನೆ ಕಲಿತರು. 1895ರಲ್ಲಿ ಇನ್ನೊಬ್ಬ ರಚನೆಕಾರ ರಾಲ್ಫ್ ವಾನ್ ವಿಲಿಯಮ್ಸ್ ಪರಿಚಯವಾಯಿತು. ಇಬ್ಬರೂ ತಮ್ಮ ಕರಡುಗಳನ್ನು ಒಬ್ಬರಿಗೊಬ್ಬರು ತೋರಿಸಿ ಮುಲಾಜಿಲ್ಲದೆ ಟೀಕಿಸಿಕೊಳ್ಳುವ ಪದ್ಧತಿ ಹೋಲ್ಸ್ಟ್ ಸಾಯುವವರೆಗೂ ನಡೆಯಿತು. ಕಾಲೇಜು ಬಿಟ್ಟ ಮೇಲೆ ಕಾರ್ಲ್ ರೋಸಾ ಒಪೆರಾ ಕಂಪನಿಯಲ್ಲಿ, ಆಮೇಲೆ ಸ್ಕಾಟಿಷ್ ಆರ್ಕೆಸ್ಟ್ರಾದಲ್ಲಿ ಟ್ರೊಂಬೋನ್ ಊದಿದರು.

ಟ್ರೊಂಬೋನ್ ವಾದಕ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಎಷ್ಟೋ ಹೊತ್ತು ಊದುವುದೇನೂ ಇರುವುದಿಲ್ಲ. ಆವರ್ತಗಳನ್ನು ಎಣಿಸುತ್ತ ಉಳಿದವರು ನುಡಿಸುವುದನ್ನು ಒಳಗಿನಿಂದ ಕೇಳುತ್ತಾನೆ. ಯಾವ ವಾದ್ಯ ಯಾವುದನ್ನು ಮುಚ್ಚಿಹಾಕುತ್ತದೆ, ಯಾವ ಬರಹ ಕಾಗದದ ಮೇಲೆ ಚೆನ್ನಾಗಿ ಕಂಡು ಸಭಾಂಗಣದಲ್ಲಿ ಕಲಸಿಹೋಗುತ್ತದೆ ಎಂಬುದು ಆ ಕುರ್ಚಿಯಲ್ಲಿ ಗೊತ್ತಾಗುವಷ್ಟು ಪುಸ್ತಕದಲ್ಲಿ ಗೊತ್ತಾಗುವುದಿಲ್ಲ. ಹೋಲ್ಸ್ಟ್ ಅವರ ವಾದ್ಯರಚನೆ ಎಷ್ಟು ದೊಡ್ಡದಾದರೂ ತಿಳಿಯಾಗಿ ಕೇಳಿಸುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಶಾಲೆ. 1904ರಲ್ಲಿ ಡಲಿಚ್‌ನ ಜೇಮ್ಸ್ ಅಲೆನ್ಸ್ ಹೆಣ್ಣುಮಕ್ಕಳ ಶಾಲೆ, 1905ರಲ್ಲಿ ಹ್ಯಾಮರ್‌ಸ್ಮಿತ್‌ನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆ, 1907ರಲ್ಲಿ ಮಾರ್ಲಿ ಕಾಲೇಜ್. ಸೇಂಟ್ ಪಾಲ್ಸ್ ಶಾಲೆಯ ಕೆಲಸವನ್ನು 1934ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಮಾರ್ಲಿ ಕಾಲೇಜಿನಲ್ಲಿ 1924ರವರೆಗೆ ಇದ್ದರು. ಅಲ್ಲಿಗೆ ಬರುತ್ತಿದ್ದವರು ಹಗಲು ದುಡಿದು ಸಂಜೆ ಕಲಿಯುವ ಗಂಡಸರು, ಹೆಂಗಸರು. ಸ್ವರಲಿಪಿ ಓದಲು ಬಾರದವರೂ ಇದ್ದರು. ಹೋಲ್ಸ್ಟ್ ಆಗ ಚಾಲ್ತಿಯಲ್ಲಿದ್ದ ಹುಸಿ ಭಾವುಕ ಹಾಡುಗಳನ್ನು ಬದಿಗಿಟ್ಟು ಹಿಂದಿನ ಶತಮಾನಗಳ ರಚನೆಕಾರರಾದ ಪರ್ಸೆಲ್, ಬಾಖ್, ಪ್ಯಾಲಸ್ಟ್ರೀನಾ, ವಿಕ್ಟೋರಿಯಾ ಇವರನ್ನು ಹಾಡಿಸಿದರು. ಮೇಲಿಂದ ಮೇಲೆ ಕೆನನ್‌ಗಳನ್ನು ಹಾಡಿಸುತ್ತಿದ್ದರು, ಅಂದರೆ ಒಂದೇ ಸ್ವರಸಾಲನ್ನು ಒಬ್ಬರ ಹಿಂದೆ ಒಬ್ಬರು ಹಿಡಿದು ಹಾಡುವುದು. ಇದರ ಹಿಂದೆ ಲೆಕ್ಕಾಚಾರವಿದೆ. ಕೆನನ್‌ನಲ್ಲಿ ಎಲ್ಲರೂ ಕಲಿಯಬೇಕಾದದ್ದು ಒಂದೇ ಸಾಲು, ಆದರೆ ಮೂರನೆಯ ಗುಂಪು ಸೇರುವ ಹೊತ್ತಿಗೆ ಮೂರು ದನಿಗಳ ಸಂಗೀತ ತಾನಾಗಿ ಎದ್ದು ನಿಲ್ಲುತ್ತದೆ. ಪಕ್ಕದವರು ಬೇರೆ ಹಾಡುತ್ತಿರುವಾಗ ತನ್ನ ಸಾಲನ್ನು ಬಿಡದೆ ಹಿಡಿಯುವ ಅಭ್ಯಾಸಕ್ಕೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಎರಡನೆಯ ಗುಂಪು ಮೊದಲನೆಯದನ್ನು ಮೀರಿಸುವಂತೆ ಕೂಗತೊಡಗಿದರೆ ಎಲ್ಲ ಕೆಡುತ್ತದೆ. ಕೇಳಿಸಿಕೊಂಡು ಹಾಡುವುದು ಅಲ್ಲಿಂದಲೇ ಶುರುವಾಗಬೇಕು.

ಮಾರ್ಲಿ ಕಾಲೇಜಿನ ಒಂದು ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆನ್ರಿ ಪರ್ಸೆಲ್ ಅವರ ‘ದಿ ಫೇರಿ ಕ್ವೀನ್’ 1692ರಲ್ಲಿ ರಂಗಕ್ಕೆ ಬಂದಿತ್ತು. 1695ರಲ್ಲಿ ಪರ್ಸೆಲ್ ತೀರಿಕೊಂಡ ಮೇಲೆ ಅದರ ಸ್ವರಲಿಪಿ ಕಳೆದುಹೋಗಿ 20ನೇ ಶತಮಾನದ ಆರಂಭದಲ್ಲಷ್ಟೇ ಮತ್ತೆ ಸಿಕ್ಕಿತು. 1911ರಲ್ಲಿ ಅದನ್ನು ಹಾಡಿ ನುಡಿಸಿ ಆಧುನಿಕ ಕಾಲದ ಕೇಳುಗರಿಗೆ ಮುಟ್ಟಿಸಿದ್ದು ಹೆಸರಾಂತ ಒಪೆರಾ ಸಂಸ್ಥೆಯಲ್ಲ, ಈ ಸಂಜೆ ಕಾಲೇಜಿನ ವಿದ್ಯಾರ್ಥಿಗಳು. ಅಚ್ಚಾದ ಪ್ರತಿಗಳು ಕೈಗೆ ಸಿಗದೆ ಗಾಯಕರ, ವಾದಕರ ಪಾಲುಗಳನ್ನು, ಅಂದರೆ ಒಬ್ಬೊಬ್ಬರೂ ಹಾಡಬೇಕಾದ, ನುಡಿಸಬೇಕಾದ ಸಾಲುಗಳನ್ನು, ವಿದ್ಯಾರ್ಥಿಗಳೇ ನೂರಾರು ಪುಟ ಕೈಯಲ್ಲಿ ಬರೆದರು. ಪಾಲು ಎತ್ತಿ ಬರೆಯುವುದು ಗುಮಾಸ್ತೆಯ ಕೆಲಸ ಎಂದುಕೊಂಡವರು ಒಮ್ಮೆ ಬರೆದು ನೋಡಬೇಕು. ಒಂದು ಆವರ್ತದ ವಿರಾಮ ಬಿಟ್ಟುಹೋದರೆ ಆ ವಾದಕ ಮುಂದೆಲ್ಲ ಒಂದು ಆವರ್ತ ಮೊದಲೇ ಬಂದುಬಿಡುತ್ತಾನೆ, ತಾಲೀಮಿನಲ್ಲಿ ತಪ್ಪು ಯಾರದೆಂದು ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಪುಟ ತಿರುವುವ ಜಾಗ ಸ್ವರಗಳ ನಡುವೆ ಬಿದ್ದರೆ ಪಿಟೀಲಿನವರ ಕೈ ನಿಲ್ಲುತ್ತದೆ. ದೀರ್ಘ ವಿರಾಮದ ಕೊನೆಗೆ ಬೇರೆ ವಾದ್ಯದ ಎರಡು ಮೂರು ಸ್ವರಗಳನ್ನು ಸಣ್ಣದಾಗಿ ಬರೆದಿಟ್ಟರೆ ಎಣಿಕೆ ತಪ್ಪಿದವನೂ ಸರಿಯಾಗಿ ಸೇರಿಕೊಳ್ಳುತ್ತಾನೆ. ಹೀಗೆ ಬರೆದ ವಿದ್ಯಾರ್ಥಿಗೆ ಪರ್ಸೆಲ್ ಬೆರಳಿನ ಮೂಲಕವೇ ಒಳಗಿಳಿಯುತ್ತಾರೆ.

ಈಗ ಋಗ್ವೇದದ ಮಾತು. ಈ ವಿಷಯದಲ್ಲಿ ಹಬ್ಬಿರುವ ತಪ್ಪು ಕಲ್ಪನೆ ದೊಡ್ಡದು. ಹೋಲ್ಸ್ಟ್ ಭಾರತಕ್ಕೆ ಬಂದವರಲ್ಲ. ಅವರು ಕೂಡಿಸಿದ್ದು ಭಾರತೀಯ ಸಂಗೀತವೂ ಅಲ್ಲ, ಹಾಡಿಸಿದ್ದು ಸಂಸ್ಕೃತವನ್ನೂ ಅಲ್ಲ. ಸಿಕ್ಕಿದ ಇಂಗ್ಲಿಷ್ ಅನುವಾದಗಳು ಹಾಡಲು ಬಾರದಂತಿವೆ ಎನಿಸಿ, ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಸಂಸ್ಕೃತ ಕಲಿತರು. ವಿದ್ವಾಂಸರಾಗುವಷ್ಟಲ್ಲ, ನಿಘಂಟು ಹಿಡಿದು ಪದಪದ ಬಿಡಿಸಿ ತಮಗೆ ಬೇಕಾದ ಇಂಗ್ಲಿಷ್ ಪಠ್ಯವನ್ನು ತಾವೇ ಕಟ್ಟಿಕೊಳ್ಳುವಷ್ಟು. ಹಾಡಿಗೆ ಕೂಡಿಸಿದ ಪಠ್ಯ ಅವರದೇ ಇಂಗ್ಲಿಷ್. ಅವರ ಋಗ್ವೇದ ಗೀತೆಗಳಲ್ಲಿ ಐದು, ಏಳು ಎಣಿಕೆಗಳು ಬಂದೊಡನೆ ನಮ್ಮ ತಾಳಪದ್ಧತಿಯ ಖಂಡ, ಮಿಶ್ರ ಎಂದು ಬರೆದುಬಿಡುವವರಿದ್ದಾರೆ. ಆ ಎಣಿಕೆಗಳು ಬಂದದ್ದು ತಾಳಪದ್ಧತಿಯಿಂದಲ್ಲ, ಪಠ್ಯದ ನಡೆಯಿಂದ. ಮಾತು ಎಷ್ಟು ಉದ್ದವೋ ಆವರ್ತವೂ ಅಷ್ಟೇ ಉದ್ದ ಎಂದು ಅವರು ಪಟ್ಟು ಹಿಡಿದದ್ದರ ಫಲ ಅದು. ನಾಲ್ಕಕ್ಕೆ ತುಂಬಿಸಲು ಅನಗತ್ಯ ಪದ ಸೇರಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. ನನ್ನ ಮಟ್ಟಿಗೆ ಇದು ರಾಗ ಎರವಲು ತಂದಿದ್ದಕ್ಕಿಂತ ಹೆಚ್ಚಿನ ಗೌರವ.

ಈ ರಚನೆಗಳು ಎರಡು ಬಗೆಯವು. 1907-08ರಲ್ಲಿ ಒಂಟಿ ದನಿ ಮತ್ತು ಪಿಯಾನೊಗೆ ಬರೆದ ಒಂಬತ್ತು ಗೀತೆಗಳು ಒಂದು ಬಗೆ. ಉಷಸ್ಸು, ವರುಣ, ಮರುತರು, ಇಂದ್ರ, ಕಪ್ಪೆಗಳ ಹಾಡು ಎಂದೇ ಹೆಸರಾದ ಮಂಡೂಕಸೂಕ್ತ, ವಾಕ್, ನಾಸದೀಯಸೂಕ್ತ, ಶ್ರದ್ಧೆ ಇವೆಲ್ಲ ಅಲ್ಲಿವೆ. ಇನ್ನೊಂದು, 1908ರಿಂದ 1912ರವರೆಗೆ ಗಾಯನವೃಂದಕ್ಕೆ ಬರೆದ ನಾಲ್ಕು ಗುಚ್ಛಗಳು. ಗುಚ್ಛಗಳನ್ನು ಹೇಗೆ ಹಂಚಿದ್ದಾರೆಂಬುದರಲ್ಲೇ ಮೇಷ್ಟ್ರು ಕಾಣುತ್ತಾರೆ. ಮೊದಲನೆಯದು ಗಂಡು ಹೆಣ್ಣು ದನಿಗಳು ಮತ್ತು ಆರ್ಕೆಸ್ಟ್ರಾಕ್ಕೆ. ಎರಡನೆಯದು ಹೆಣ್ಣು ದನಿಗಳು ಮತ್ತು ಆರ್ಕೆಸ್ಟ್ರಾಕ್ಕೆ. ಮೂರನೆಯದು ಹೆಣ್ಣು ದನಿಗಳು ಮತ್ತು ಒಂದೇ ಒಂದು ಹಾರ್ಪಿಗೆ. ನಾಲ್ಕನೆಯದು ಗಂಡು ದನಿಗಳಿಗೆ. ಯಾವ ಬಗೆಯ ಗುಂಪಿದ್ದರೂ ಅದಕ್ಕೊಂದು ಗುಚ್ಛ ಸಿಗುತ್ತದೆ. ‘ಕಸ್ಮೈ ದೇವಾಯ ಹವಿಷಾ ವಿಧೇಮ’ ಎಂಬ ಪಲ್ಲವಿಯ ಹಿರಣ್ಯಗರ್ಭಸೂಕ್ತ, ಅಜ್ಞಾತ ದೇವರಿಗೆ ಎಂಬ ಹೆಸರಿನಲ್ಲಿ ಮೊದಲನೆಯ ಗುಚ್ಛದಲ್ಲಿದೆ.

ಹಾಡಿಸಲು ಹೊರಡುವವರಿಗೆ ಮೂರನೆಯ ಗುಚ್ಛವೇ ಸರಿಯಾದ ಬಾಗಿಲು. ಉಷಸ್ಸು, ಜಲ, ವೇನ, ಪಯಣಿಗರು ಹೀಗೆ ನಾಲ್ಕು ಗೀತೆಗಳು, ಒಟ್ಟು ಸುಮಾರು 12 ನಿಮಿಷ. ಹಾರ್ಪ್ ಸಿಗದಿದ್ದರೆ ಪಿಯಾನೊ ಆಗಬಹುದೆಂದು ಅಚ್ಚಾದ ಪ್ರತಿಯಲ್ಲೇ ಇದೆ. ಕೆಡುವುದೂ ಅಲ್ಲಿಯೇ. ಹಾರ್ಪಿನ ತಂತಿ ಮೀಟಿದೊಡನೆ ಗಟ್ಟಿಯಾಗಿ ನುಡಿದು ತಾನಾಗಿ ಕ್ಷೀಣಿಸುತ್ತದೆ. ಪಿಯಾನೊದವರು ಅದೇ ಬೆಳಕು ಬರಲೆಂದು ಪೆಡಲ್ ಒತ್ತಿ ಹಿಡಿದರೆ ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಹೆಣ್ಣು ದನಿಗಳ ಮಧ್ಯದ ಸಾಲುಗಳು ಮುಳುಗಿಹೋಗುತ್ತವೆ. ಪ್ರತಿ ಸ್ವರಮೇಳ ಬದಲಾದಾಗಲೂ ಪೆಡಲ್ ಬಿಟ್ಟು ಒತ್ತಬೇಕು, ಬೆರಳು ಹಗುರವಾಗಿರಬೇಕು. ಗಾಯಕಿಯರ ಕಡೆಯ ತೊಂದರೆ ಬೇರೆ. ಕೆಳಗಿನ ಆಲ್ಟೊ ಸಾಲಿಗೆ ಜನ ಸಾಲದೆ ಎತ್ತರದ ದನಿಯ ಸೋಪ್ರಾನೊಗಳಲ್ಲಿ ಕೆಲವರನ್ನು ಅಲ್ಲಿಗೆ ತಳ್ಳುವುದುಂಟು. ಆ ದನಿ ಕೆಳಗೆ ಸೊರಗುತ್ತದೆ, ಇಡೀ ಮೇಳದ ಶ್ರುತಿ ಜಾರುವುದು ಆ ಸಾಲಿನಿಂದಲೇ. ಮೇಲಿನ ದನಿಗಳನ್ನು ಕಡಿಮೆ ಮಾಡಿ ಸಮ ತೂಗಿಸುವುದು ಒಳ್ಳೆಯದು. ಐದು, ಏಳು ಎಣಿಕೆಯ ಜಾಗಗಳಲ್ಲಿ ಬೆರಳಲ್ಲಿ ಎಣಿಸುವ ಮೊದಲು ಪಠ್ಯವನ್ನು ಮಾತಿನಂತೆ ಹತ್ತು ಸಲ ಓದಿಸಬೇಕು. ಮಾತು ಸರಿಯಾಗಿ ಬಂದರೆ ಎಣಿಕೆ ಅದರ ಬೆನ್ನಿಗೇ ಬರುತ್ತದೆ.

‘ಸಾವಿತ್ರಿ’ ಒಪೆರಾ ಈ ಸಾಲಿನಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವ ಕೃತಿ. ಅದಕ್ಕೂ ಮೊದಲು ಹೋಲ್ಸ್ಟ್ ‘ಸೀತಾ’ ಎಂಬ ಮೂರು ಅಂಕಗಳ ಭಾರೀ ಒಪೆರಾ ಬರೆಯಲು ವರ್ಷಗಟ್ಟಲೆ ಕಷ್ಟಪಟ್ಟು, ರಿಕಾರ್ಡಿ ಸಂಸ್ಥೆಯ ಸ್ಪರ್ಧೆಗೆ ಕಳಿಸಿ, ಬಹುಮಾನ ತಪ್ಪಿಸಿಕೊಂಡಿದ್ದರು. 1908ರಲ್ಲಿ ಬರೆದ ‘ಸಾವಿತ್ರಿ’ಯಲ್ಲಿ ಆ ಭಾರವನ್ನೆಲ್ಲ ಕಳಚಿಹಾಕಿದ್ದಾರೆ. ಇಡೀ ಒಪೆರಾ ಸುಮಾರು ಅರ್ಧ ಗಂಟೆ. ಹಾಡುವವರು ಮೂವರು: ಸಾವಿತ್ರಿ, ಸತ್ಯವಾನ, ಮೃತ್ಯು. ಜೊತೆಗೆ ಪದಗಳಿಲ್ಲದೆ ಹಾಡುವ ಮರೆಯ ಹೆಣ್ಣು ದನಿಗಳು. ವಾದಕರು 12 ಮಂದಿ: ಎರಡು ತಂತಿವಾದ್ಯ ಚತುಷ್ಕಗಳು, ಒಂದು ಡಬಲ್ ಬಾಸ್, ಎರಡು ಕೊಳಲು, ಒಂದು ಇಂಗ್ಲಿಷ್ ಹಾರ್ನ್. ಬಯಲಿನಲ್ಲಿ ಇಲ್ಲವೇ ಸಣ್ಣ ಕಟ್ಟಡದಲ್ಲಿ ಆಡಲು ಬರೆದದ್ದು, ಪರದೆ ಬೇಕಿಲ್ಲ, ಬಯಲಾದರೆ ನಡುವೆ ಕಾಡಿನೊಳಗೆ ಸಾಗುವ ಉದ್ದನೆಯ ದಾರಿಯಿರಲಿ ಎಂದು ಸ್ವರಲಿಪಿಯ ಆರಂಭದಲ್ಲೇ ಸೂಚನೆಯಿದೆ. ಪೀಠಿಕಾ ಸಂಗೀತ ಬೇಕೆನಿಸಿದರೆ ಮೂರನೆಯ ಗುಚ್ಛದ ಪಯಣಿಗರ ಗೀತೆಯನ್ನು ಬಳಸಿ ಎಂದೂ ಹೇಳಿದ್ದಾರೆ.

ವನಪರ್ವದ ಕಥೆ ಗೊತ್ತಿರುವವರಿಗೆ ಇಲ್ಲಿನ ಬದಲಾವಣೆ ಕೂಡಲೇ ಕಾಣುತ್ತದೆ. ಮಾವನ ಕಣ್ಣು, ರಾಜ್ಯ, ತಂದೆಗೆ ನೂರು ಮಕ್ಕಳು, ಹೀಗೆ ಸಾಲಾಗಿ ಬರುವ ವರಗಳಿಲ್ಲ. ಸತ್ಯವಾನ ಇಲ್ಲಿ ಕಾಡಿನಲ್ಲಿ ಮರ ಕಡಿಯುವವನು. ಸಾವಿತ್ರಿ ತನಗಾಗಿ ಬದುಕನ್ನು ಕೇಳುತ್ತಾಳೆ. ಮೃತ್ಯು ಕೊಟ್ಟ ಮೇಲೆ, ಸತ್ಯವಾನನಿಲ್ಲದೆ ಅದು ಬದುಕೇ ಅಲ್ಲ ಎನ್ನುತ್ತಾಳೆ. ಒಂದೇ ವರದಲ್ಲಿ ಕಥೆ ಮುಗಿಯುತ್ತದೆ. ಮೂಲಕ್ಕೆ ಅಪಚಾರವೆಂದು ಮುನಿಯುವವರು ಅರ್ಧ ಗಂಟೆಯ ಹಾಡುನಾಟಕದಲ್ಲಿ ನಾಲ್ಕೈದು ವರಗಳನ್ನು ಹಾಡಿಸಿದರೆ ಕೊನೆಯದರ ಏಟು ಎಷ್ಟು ಮೊಂಡಾಗುತ್ತದೆಂದು ಯೋಚಿಸಲಿ.

ಹಾಡುವವರಿಗೆ ಕಷ್ಟವಿರುವುದು ಆರಂಭದಲ್ಲೇ. ಕಾಣದ ಕಡೆಯಿಂದ ಮೃತ್ಯುವಿನ ದನಿ ಯಾವ ವಾದ್ಯದ ಆಸರೆಯೂ ಇಲ್ಲದೆ ಬರುತ್ತದೆ. ಸಾವಿತ್ರಿಯೂ ಆಸರೆಯಿಲ್ಲದೆ, ಬೇರೊಂದು ಶ್ರುತಿಕೇಂದ್ರದಲ್ಲಿ ಹಾಡುತ್ತಾಳೆ. ಎರಡು ಸಾಲುಗಳು ಒಂದರ ಪಕ್ಕ ಒಂದು ಸಾಗುತ್ತವೆ, ಕೂಡುವುದಿಲ್ಲ. ಒಬ್ಬರು ಇನ್ನೊಬ್ಬರತ್ತ ಕಿವಿ ಕೊಟ್ಟು ಸ್ವಲ್ಪ ಸರಿದರೂ ಆ ಅಂತರ ಅಳಿಸಿಹೋಗುತ್ತದೆ. ಇಬ್ಬರೂ ಕೂದಲೆಳೆಯಷ್ಟು ಇಳಿದರೆ ಆಗ ಗೊತ್ತಾಗುವುದಿಲ್ಲ, ತಂತಿವಾದ್ಯಗಳು ಒಳಬಂದ ಕ್ಷಣದಲ್ಲಿ ಬಯಲಾಗುತ್ತದೆ. ಮರೆಯಲ್ಲಿರುವ ಗಾಯಕನ ಬಳಿ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇರಬೇಕು. ತಾಲೀಮಿನಲ್ಲಿ ಪ್ರತಿ ಸಾಲಿನ ಕೊನೆಗೆ ನಿಲ್ಲಿಸಿ ಸ್ವರ ಪರೀಕ್ಷಿಸುತ್ತ ಹೋಗಬೇಕು. ಮೊದಲ ದಿನದಿಂದಲೇ ಪಿಯಾನೊದಲ್ಲಿ ಜೊತೆಗೆ ನುಡಿಸಿ ಆಸರೆ ಕೊಟ್ಟರೆ ಅದನ್ನು ತೆಗೆದ ದಿನ ಇಬ್ಬರೂ ಬೀಳುತ್ತಾರೆ. ಈ ಒಪೆರಾ ಮೊದಲ ಸಲ ರಂಗ ಕಂಡದ್ದು 1916ರ ಡಿಸೆಂಬರ್ 5ರಂದು, ಲಂಡನ್ನಿನಲ್ಲಿ.

ಎಲ್ಲ ಪ್ರಯತ್ನಗಳೂ ಗೆದ್ದವೆಂದೇನಲ್ಲ. ಕಾಳಿದಾಸನ ಮೇಘದೂತವನ್ನು ಆಧರಿಸಿ ದೊಡ್ಡ ಗಾಯನವೃಂದ, ಆರ್ಕೆಸ್ಟ್ರಾಗಳಿಗೆ ಬರೆದ ‘ದಿ ಕ್ಲೌಡ್ ಮೆಸೆಂಜರ್’ 1913ರ ಮಾರ್ಚ್‌ನಲ್ಲಿ ಕ್ವೀನ್ಸ್ ಹಾಲ್‌ನಲ್ಲಿ ಮೊದಲ ಪ್ರದರ್ಶನ ಕಂಡು ಸೋತಿತು. ಆ ಪೆಟ್ಟು ಅವರಿಗೆ ಆಳವಾಗಿಯೇ ತಗುಲಿತು. ಅದೇ ವರ್ಷ ಸೇಂಟ್ ಪಾಲ್ಸ್ ಶಾಲೆಯಲ್ಲಿ ಹೊಸ ಸಂಗೀತ ವಿಭಾಗ ತೆರೆಯಿತು. ಹೊರಗಿನ ಸದ್ದು ಒಳಗೆ ಬಾರದ ಒಂದು ಕೋಣೆ ಹೋಲ್ಸ್ಟ್ ಅವರಿಗೆ ಸಿಕ್ಕಿತು. ವಾರವಿಡೀ ಪಾಠ, ಭಾನುವಾರ ಮತ್ತು ಆಗಸ್ಟ್ ರಜೆಯಲ್ಲಿ ರಚನೆ. ಆ ಕೃತಜ್ಞತೆಗೆ ಶಾಲೆಯ ಆರ್ಕೆಸ್ಟ್ರಾಕ್ಕೆ ಬರೆದುಕೊಟ್ಟದ್ದೇ ‘ಸೇಂಟ್ ಪಾಲ್ಸ್ ಸ್ವೀಟ್’. ಸ್ವೀಟ್ ಎಂದರೆ ಬಿಡಿ ಭಾಗಗಳನ್ನು ಸಾಲಾಗಿ ಪೋಣಿಸಿದ ವಾದ್ಯಕೃತಿ. ನಾಲ್ಕು ಭಾಗಗಳು. ಎರಡನೆಯದರಲ್ಲಿ ಎರಡನೆಯ ಪಿಟೀಲುಗಳು ಒಂದೇ ಸಣ್ಣ ಮಾದರಿಯನ್ನು ಬಿಡದೆ ನುಡಿಸುತ್ತ ಹೋಗುತ್ತವೆ. ಕೊನೆಯದರಲ್ಲಿ ‘ಡಾರ್ಗಸನ್’ ಎಂಬ ಹಳೆಯ ಕುಣಿತದ ಮಟ್ಟು ಮುಗಿಯದ ಚಕ್ರದಂತೆ ತಿರುಗುತ್ತಿರುವಾಗ ಅದರ ಮೇಲೆ ‘ಗ್ರೀನ್‌ಸ್ಲೀವ್ಸ್’ ಬೇರೆ ಎಣಿಕೆಯಲ್ಲಿ ಬಂದು ಕೂರುತ್ತದೆ. ಒಂದು 6/8, ಇನ್ನೊಂದು 3/4, ಎರಡರ ಆವರ್ತವೂ ಒಂದೇ ಉದ್ದ. ವಿದ್ಯಾರ್ಥಿ ವಾದ್ಯವೃಂದಗಳು ಇಲ್ಲಿ ಎಡವುವುದು ‘ಗ್ರೀನ್‌ಸ್ಲೀವ್ಸ್’ ಪಾಲಿನವರು ಕುಣಿತದ ಓಟಕ್ಕೆ ಸಿಕ್ಕಿ ಅವಸರ ಮಾಡಿದಾಗ. ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಆವರ್ತಕ್ಕೆ ಒಂದೇ ಏಟು ಕೊಟ್ಟರೆ ಇಬ್ಬರಿಗೂ ಹೊಂದುತ್ತದೆ.

ಮಿಲಿಟರಿ ಬ್ಯಾಂಡಿಗೆ 1909ರಲ್ಲಿ ಬರೆದ ಇ-ಫ್ಲಾಟ್ ಸ್ವೀಟ್‌ನಲ್ಲೂ ಇದೇ ಜಾಣ್ಮೆ. ಎಂಟು ಆವರ್ತಗಳ ಒಂದು ಮಟ್ಟಿನ ಮೇಲೆ ಮೊದಲ ಭಾಗ ನಿಂತಿದೆ, ನಡುವೆ ಅದನ್ನು ತಲೆಕೆಳಗು ಮಾಡಿದ್ದಾರೆ, ಮುಂದಿನ ಎರಡು ಭಾಗಗಳೂ ಅದೇ ಮಟ್ಟಿನಿಂದ ಹುಟ್ಟುತ್ತವೆ. ಹಾಗಾಗಿ ನಿಲ್ಲಿಸದೆ ನುಡಿಸಿ ಎಂದು ಬರೆದಿದ್ದಾರೆ. ನಡುವೆ ಚಪ್ಪಾಳೆಗೆ ಬಿಡುವು ಕೊಡುವ ಬ್ಯಾಂಡುಗಳು ಇದನ್ನು ಓದಬೇಕು. ಆಗಿನ ಬ್ಯಾಂಡುಗಳ ಗಾತ್ರ ಒಂದೇ ಸಮ ಇರಲಿಲ್ಲವಾದ್ದರಿಂದ ಹಲವು ವಾದ್ಯಗಳನ್ನು ‘ಇದ್ದರೆ ಸರಿ’ ಎಂದು ಗುರುತು ಮಾಡಿದ್ದಾರೆ.

‘ದಿ ಪ್ಲಾನೆಟ್ಸ್’ ಹುಟ್ಟಿದ್ದೂ ಆ ಶಾಲೆಯ ಕೋಣೆಯ ಆಶ್ರಯದಲ್ಲೇ, 1914ರಿಂದ 1917ರವರೆಗೆ. ಏಳು ಭಾಗಗಳು, ಸುಮಾರು 50 ನಿಮಿಷ. ಅದು ಖಗೋಳವಲ್ಲ, ಜ್ಯೋತಿಷದ ಗುಣಗಳು. ಭೂಮಿ ಅದರಲ್ಲಿ ಇಲ್ಲದ್ದಕ್ಕೆ ಕಾರಣ ಅದೇ. ಪ್ಲೂಟೊ 1930ರಲ್ಲಿ ಪತ್ತೆಯಾದ ಮೇಲೂ ಅವರು ಅದನ್ನು ಸೇರಿಸಲಿಲ್ಲ. ಕೈನೋವಿನಿಂದ ಅಷ್ಟು ದೊಡ್ಡ ಸ್ವರಲಿಪಿಯನ್ನು ಒಬ್ಬರೇ ಬರೆಯಲಾಗದೆ, ಶಾಲೆಯ ಸಹಶಿಕ್ಷಕಿಯರಾದ ವ್ಯಾಲಿ ಲ್ಯಾಸ್ಕರ್ ಮತ್ತು ನೋರಾ ಡೇ ಅವರ ಕೈಯಲ್ಲಿ ಬರೆಸಿದರು. ಆರ್ಕೆಸ್ಟ್ರಾಕ್ಕೆ ಮೊದಲು ಎರಡು ಪಿಯಾನೊಗಳಿಗೆ ಕರಡು ಮಾಡಿದ್ದರಿಂದ ಕೇಳಿ ತಿದ್ದಲು ಸಾಧ್ಯವಾಯಿತು. 1918ರ ಸೆಪ್ಟೆಂಬರ್ 29ರಂದು ಕ್ವೀನ್ಸ್ ಹಾಲ್‌ನಲ್ಲಿ ಆಹ್ವಾನಿತರೆದುರು ಕಂಡಕ್ಟರ್ ಏಡ್ರಿಯನ್ ಬೋಲ್ಟ್ ಅದನ್ನು ಮೊದಲು ನುಡಿಸಿದರು. ಸಭಾಂಗಣ, ಆರ್ಕೆಸ್ಟ್ರಾಗಳ ಖರ್ಚು ಗೆಳೆಯ ಬಾಲ್ಫರ್ ಗಾರ್ಡಿನರ್ ಅವರದು. ತಾಲೀಮಿಗೆ ಸಿಕ್ಕಿದ್ದು ಎರಡು ಗಂಟೆಗೂ ಕಡಿಮೆ. ಕೊನೆಯ ಭಾಗವಾದ ‘ನೆಪ್ಚೂನ್’ನಲ್ಲಿ ಮರೆಯಿಂದ ಹಾಡಿದವರು ಹೋಲ್ಸ್ಟ್ ಅವರದೇ ವಿದ್ಯಾರ್ಥಿನಿಯರು.

ಆ ಮರೆಯ ಗಾಯನದ ಸೂಚನೆಯನ್ನು ನೋಡಿ. ತಲಾ ಮೂರು ದನಿಗಳ ಎರಡು ಹೆಣ್ಣು ಮೇಳಗಳು ಪಕ್ಕದ ಕೋಣೆಯಲ್ಲಿರಬೇಕು. ಕೊನೆಯ ಆವರ್ತದವರೆಗೆ ಬಾಗಿಲು ತೆರೆದಿರಬೇಕು. ಆಮೇಲೆ ಅದನ್ನು ನಿಧಾನವಾಗಿ, ಸದ್ದಿಲ್ಲದೆ ಮುಚ್ಚಬೇಕು. ಸದ್ದು ದೂರದಲ್ಲಿ ಕರಗಿಹೋಗುವವರೆಗೆ ಕೊನೆಯ ಆವರ್ತವನ್ನು ಮತ್ತೆ ಮತ್ತೆ ಹಾಡುತ್ತಿರಬೇಕು. ಬಾಗಿಲೇ ಇಲ್ಲಿ ವಾದ್ಯ. ಮರೆಯಲ್ಲಿರುವವರಿಗೆ ಆರ್ಕೆಸ್ಟ್ರಾ ಅಸ್ಪಷ್ಟವಾಗಿ, ತುಸು ತಡವಾಗಿ ಕೇಳಿಸುತ್ತದೆ. ಅದನ್ನು ನಂಬಿ ಹಾಡಿದರೆ ಸಭೆಗೆ ಇನ್ನಷ್ಟು ತಡವಾಗಿ ಮುಟ್ಟುತ್ತದೆ. ಅದಕ್ಕೇ ಒಳಗೊಬ್ಬ ಉಪಕಂಡಕ್ಟರ್ ಬೇಕು, ಅವನು ಕಿವಿಯನ್ನಲ್ಲ, ಮುಖ್ಯ ಕಂಡಕ್ಟರನ ಕೈಯನ್ನು ನೋಡಿ ಎಣಿಸಬೇಕು. ಬಾಗಿಲು ಕಿರುಗುಟ್ಟಿದರೆ 50 ನಿಮಿಷದ ಶ್ರಮ ಮಣ್ಣುಪಾಲು. ಹಿಂದಿನ ದಿನವೇ ಕೀಲಿಗೆ ಎಣ್ಣೆ ಬಿಡಬೇಕು. ಬಾಗಿಲು ಮುಚ್ಚುವ ಬದಲು ಗಾಯಕಿಯರನ್ನೇ ಸಣ್ಣದಾಗಿ ಹಾಡಲು ಹೇಳಿದರೆ ಉಸಿರಿನ ಆಸರೆ ಹೋಗಿ ಶ್ರುತಿ ಇಳಿಯುತ್ತದೆ. ದನಿಗೆ ಮೈಯಿದ್ದು ಅದು ದೂರವಾಗಬೇಕು, ಸೊರಗಬಾರದು. ಶಾಲಾಮಕ್ಕಳ ದನಿಯನ್ನು ದಿನವೂ ಕೇಳಿದವರಿಗೆ ಹೊಳೆಯುವ ಉಪಾಯ ಇದು.

‘ಜೂಪಿಟರ್’ ಭಾಗದ ನಡುವಿನ ಗಂಭೀರ ಮಟ್ಟನ್ನು 1921ರಲ್ಲಿ ಸೆಸಿಲ್ ಸ್ಪ್ರಿಂಗ್ ರೈಸ್ ಅವರ ದೇಶಭಕ್ತಿಯ ಪದ್ಯಕ್ಕೆ ಹೊಂದಿಸಲಾಯಿತು. ಆಮೇಲೆ ಹೋಲ್ಸ್ಟ್ ಅದಕ್ಕೆ ತಾವು ವಾಸವಿದ್ದ ಎಸೆಕ್ಸಿನ ‘ಥ್ಯಾಕ್ಸ್‌ಟೆಡ್’ ಊರಿನ ಹೆಸರನ್ನೇ ಇಟ್ಟರು. ಮೂಲದಲ್ಲಿ ಆ ಮಟ್ಟು ಕೊನೆ ಮುಟ್ಟುವುದೇ ಇಲ್ಲ, ಮುಗಿಯುವ ಮೊದಲೇ ಕಡಿದು ಕುಣಿತ ಮರಳುತ್ತದೆ. ಸ್ತೋತ್ರವಾಗಿ ಹಾಡಿಸುವವರು ದನಿಯ ಹರವು ದೊಡ್ಡದೆಂಬುದನ್ನು ಮರೆತು ಎತ್ತರದಲ್ಲಿ ಶುರು ಮಾಡಿ ನಡುವೆ ಸಭೆಯನ್ನೇ ಕಳೆದುಕೊಳ್ಳುತ್ತಾರೆ.

1920ರ ನಂತರ ಬಂದ ಕೀರ್ತಿ ಹೋಲ್ಸ್ಟ್ ಅವರಿಗೆ ಹಿಡಿಸಲಿಲ್ಲ. 1923ರಲ್ಲಿ ರೆಡಿಂಗ್‌ನಲ್ಲಿ ಕಂಡಕ್ಟರ್ ಕಟ್ಟೆಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮರುವರ್ಷ ವೈದ್ಯರ ಮಾತಿನಂತೆ ಬಹುತೇಕ ಕೆಲಸಗಳನ್ನು ಬಿಟ್ಟರು, ಸೇಂಟ್ ಪಾಲ್ಸ್ ಒಂದನ್ನು ಬಿಡಲಿಲ್ಲ. ಪಾಠ ಅವರ ಸಮಯ ತಿಂದದ್ದು ನಿಜ, ದಣಿಸಿದ್ದೂ ನಿಜ. ಆದರೆ ಬಿಡಬೇಕಾದಾಗ ಉಳಿಸಿಕೊಂಡದ್ದು ಯಾವುದನ್ನು ಎಂಬುದನ್ನೂ ಜೀವನಚಿತ್ರ ಬರೆಯುವವರು ಹೇಳಬೇಕು. ರಚನೆಕಾರ ಎಡ್ಮಂಡ್ ರಬ್ರಾ ಹೋಲ್ಸ್ಟ್ ಅವರ ಬಳಿ ಕಲಿತವರು. 1932ರಲ್ಲಿ ಹಾರ್ವರ್ಡ್‌ನಲ್ಲಿ ಕಲಿಸಿದಾಗ, ಮುಂದೆ ಅಮೆರಿಕದ ರಚನೆಕಾರರಾಗಿ ಹೆಸರಾದ ಎಲಿಯಟ್ ಕಾರ್ಟರ್ ವಿದ್ಯಾರ್ಥಿಯಾಗಿದ್ದರು. ತಾವು ಬರೆದದ್ದರಲ್ಲಿ ಶ್ರೇಷ್ಠವೆಂದು ಹೋಲ್ಸ್ಟ್ ಎಣಿಸಿದ್ದು ಜನಪ್ರಿಯವಾದ ‘ದಿ ಪ್ಲಾನೆಟ್ಸ್’ ಅನ್ನಲ್ಲ, 1927ರ ‘ಎಗ್ಡನ್ ಹೀತ್’ ಅನ್ನು. 1933ರಲ್ಲಿ, ಆರೋಗ್ಯ ಕುಸಿದಿದ್ದಾಗಲೂ, ಶಾಲೆಯ ಕಿರಿಯ ಮಕ್ಕಳ ಆರ್ಕೆಸ್ಟ್ರಾಕ್ಕೆ ‘ಬ್ರೂಕ್ ಗ್ರೀನ್ ಸ್ವೀಟ್’ ಬರೆದುಕೊಟ್ಟರು. 1934ರ ಮೇ 25ರಂದು, ಕರುಳಿನ ಹುಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಹೃದಯ ಸೋತು ತೀರಿಕೊಂಡರು. ಚಿತಾಭಸ್ಮ ಚಿಚೆಸ್ಟರ್ ಕೆಥೆಡ್ರಲ್‌ನಲ್ಲಿದೆ. ಮಗಳು ಇಮೊಜೆನ್ ತಂದೆಯ ಕೃತಿಗಳ ಪಟ್ಟಿಯನ್ನು ಅಚ್ಚುಕಟ್ಟಾಗಿ ಮಾಡಿ 1974ರಲ್ಲಿ, ಶತಮಾನೋತ್ಸವದ ವರ್ಷ, ಪ್ರಕಟಿಸಿದರು.

ನಿಮ್ಮ ಪತ್ರಿಕೆ ಮುಂದೆಂದಾದರೂ ಹೋಲ್ಸ್ಟ್ ಬಗ್ಗೆ ಬರೆಸುವುದಾದರೆ ಮೂರು ತಿದ್ದುಪಡಿಗಳನ್ನು ದಯವಿಟ್ಟು ಗಮನಿಸಿ. ಅವರು ವೇದಮಂತ್ರಗಳನ್ನು ಸಂಸ್ಕೃತದಲ್ಲಿ ಹಾಡಿಸಿದರೆಂದು ಬರೆಯಬೇಡಿ. ಹೆಸರಿನಲ್ಲಿ ಜರ್ಮನ್ ಹೆಸರುಗಳಲ್ಲಿ ಬರುವ ‘ಫಾನ್’ (von) ಸೇರಿಸಬೇಡಿ, ಅದನ್ನು ಅವರೇ 1918ರಲ್ಲಿ ಕಾನೂನು ಪ್ರಕಾರ ತೆಗೆಸಿದ್ದಾರೆ. ಮತ್ತು ಉದ್ಯೋಗವೆಂದು ಬರೆಯುವ ಕಡೆ ರಚನೆಕಾರ ಎಂಬುದರ ಪಕ್ಕದಲ್ಲೇ ಶಿಕ್ಷಕ ಎಂದೂ ಸೇರಿಸಿ.

ಇಂತಿ,
ಗಾಯನವೃಂದಗಳಿಗೆ ತಾಲೀಮು ಕೊಡುವ ಓದುಗ